ಹಾಲಿನಂತೆ ಕಾಣುವುದೆಲ್ಲ ಹಾಲಲ್ಲ!

ಕಚೇರಿಯ ಯಂತ್ರದಲ್ಲಿ, ಹೋಟೆಲ್ ಕೋಣೆಯಲ್ಲಿ, ವಿಮಾನದಲ್ಲಿ ಕಾಫಿ ಕುಡಿಯುವಾಗ ಅದಕ್ಕೆ ಬಿಳಿ ಬಣ್ಣ ಕೊಟ್ಟದ್ದು ಯಾವುದೆಂದು ಎಂದಾದರೂ ಯೋಚಿಸಿದ್ದೀರಾ? ಅನೇಕ ಬಾರಿ ಅದು ಹಾಲೂ ಅಲ್ಲ, ಹಾಲಿನ ಪುಡಿಯೂ ಅಲ್ಲ. ‘ನಾನ್-ಡೇರಿ ಕ್ರೀಮರ್’ ಎಂಬ ಪುಡಿ. ಅಮೆರಿಕದ ಕಾರ್ನೇಷನ್ ಕಂಪನಿ 1961ರಲ್ಲಿ ‘ಕಾಫಿ-ಮೇಟ್’ ಎಂಬ ಹೆಸರಿನಲ್ಲಿ ಇಂಥದೊಂದು ಪುಡಿಯನ್ನು ಮಾರುಕಟ್ಟೆಗೆ ತಂದಿತು. ಕಾಯಿಸಬೇಕಿಲ್ಲ, ಫ್ರಿಜ್ ಬೇಕಿಲ್ಲ, ಒಡೆಯುವ ಭಯವೂ ಇಲ್ಲ. ಜನಪ್ರಿಯತೆಗೆ ಇಷ್ಟು ಸಾಕಲ್ಲವೇ?

ಪುಡಿಯಲ್ಲಿ ಏನಿದೆ?

ಇದರ ಮುಖ್ಯ ಭಾಗ ಗ್ಲೂಕೋಸ್ ಸಿರಪ್‌ನ ಪುಡಿ. ಮೆಕ್ಕೆಜೋಳದಂಥ ಧಾನ್ಯಗಳ ಪಿಷ್ಟದಿಂದ ತಯಾರಾಗುವ ಇದು ಹೆಚ್ಚು ಸಿಹಿಯಾಗಿರುವುದಿಲ್ಲ. ಆದರೂ ರಕ್ತದಲ್ಲಿನ ಸಕ್ಕರೆಯನ್ನು ಏರಿಸುತ್ತದೆ. ಎರಡನೆಯದು ಕೊಬ್ಬು. ತಾಳೆ ಬೀಜದ ಎಣ್ಣೆ ಅಥವಾ ಕೊಬ್ಬರಿ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡಿ ಬಳಸುತ್ತಾರೆ. ಇವುಗಳಲ್ಲಿ ಶೇ. 80ಕ್ಕೂ ಮಿಕ್ಕಿ ಸ್ಯಾಚುರೇಟೆಡ್ ಕೊಬ್ಬು ಇರುತ್ತದೆ. ಎಣ್ಣೆಯನ್ನು ಅರೆಬರೆ ಗಟ್ಟಿಗೊಳಿಸಿದರೆ ಹೃದಯಕ್ಕೆ ಇನ್ನೂ ಕೆಟ್ಟದಾದ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ಕೊಬ್ಬುಗಳಲ್ಲಿ ಇದು ಶೇ. 2ನ್ನು ಮೀರಬಾರದೆಂಬ ನಿಯಮವಿದೆ.

ಇನ್ನು, ಎಣ್ಣೆ ಬೇರೆಯಾಗಿ ತೇಲದಂತೆ ತಡೆಯುವ ಎಮಲ್ಸಿಫೈಯರ್, ಬಿಸಿ ಕಾಫಿಯಲ್ಲಿ ಒಡೆಯದಂತೆ ನೋಡಿಕೊಳ್ಳುವ ಪೊಟ್ಯಾಸಿಯಂ ಫಾಸ್ಫೇಟ್, ಪುಡಿ ಗಂಟುಕಟ್ಟದಂತೆ ಸಿಲಿಕಾನ್ ಡೈಆಕ್ಸೈಡ್, ಜೊತೆಗೆ ಬಣ್ಣ, ಪರಿಮಳ.

ಹೆಸರನ್ನು ನಂಬಬೇಡಿ

‘ನಾನ್-ಡೇರಿ’ ಎಂದಿದ್ದರೂ ಇಂಥ ಅನೇಕ ಪುಡಿಗಳಲ್ಲಿ ಸೋಡಿಯಂ ಕೇಸಿನೇಟ್ ಇರುತ್ತದೆ. ಇದು ಹಾಲಿನ ಪ್ರೋಟೀನ್! ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರಿಗೆ ಒಗ್ಗದಿರುವುದು ಹಾಲಿನಲ್ಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ. ಕೇಸಿನೇಟ್‌ನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಅಂಥವರಿಗೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ಹಾಲಿನ ಅಲರ್ಜಿ ಇರುವವರ ಮಾತೇ ಬೇರೆ. ಅವರ ಮೈ ಸಿಡಿದೇಳುವುದು ಹಾಲಿನ ಪ್ರೋಟೀನಿನ ವಿರುದ್ಧ. ಅಂಥ ಮಗುವಿಗೆ ‘ಹಾಲಿಲ್ಲದ ಪುಡಿ’ ಎಂದು ನಂಬಿ ಕೊಟ್ಟರೆ ಮೈಮೇಲೆ ದದ್ದು, ಉಸಿರಾಟದ ತೊಂದರೆ, ಕೆಲವೊಮ್ಮೆ ಪ್ರಾಣಾಪಾಯವೂ ಆಗಬಹುದು.

ಯಾರಿಗೆ ಎಚ್ಚರ ಬೇಕು?

ಸಕ್ಕರೆ ಕಾಯಿಲೆಯವರು ‘ನನ್ನ ಕಾಫಿಗೆ ಸಕ್ಕರೆ ಹಾಕಿಲ್ಲ’ ಎಂದು ನಿಶ್ಚಿಂತರಾಗುವಂತಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರಿಗೆ ಫಾಸ್ಫೇಟ್, ಪೊಟ್ಯಾಸಿಯಂ ಎರಡೂ ಹೊರೆಯೇ. ವೈದ್ಯರನ್ನು ಕೇಳಿಯೇ ಬಳಸಬೇಕು. ಹಾಲಿಗೆ ಬದಲಾಗಿ ಇದನ್ನು ಮಕ್ಕಳಿಗೆ ಕೊಡಲೇಬಾರದು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸುಣ್ಣದ ಅಂಶ ಸಿಗುತ್ತದೆ; ಈ ಪುಡಿಯನ್ನು ಕದಡಿ ಕುಡಿದರೆ ಅದು ಸಿಗದು.

ಅಪರೂಪಕ್ಕೊಮ್ಮೆ ಪ್ರಯಾಣದಲ್ಲಿ ಒಂದು ಚಮಚ ಬೆರೆಸಿ ಕುಡಿದರೆ ಆರೋಗ್ಯವಂತರಿಗೆ ಹಾನಿಯಿಲ್ಲ. ಆದರೆ ದಿನಕ್ಕೆ ನಾಲ್ಕೈದು ಕಪ್ ಕುಡಿಯುವವರು ಲೆಕ್ಕ ಹಾಕುವುದು ಒಳ್ಳೆಯದು. ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ: ಯಾವುದು ಹೆಚ್ಚು ಪ್ರಮಾಣದಲ್ಲಿದೆಯೋ ಅದರ ಹೆಸರೇ ಪಟ್ಟಿಯಲ್ಲಿ ಮೊದಲಿರುತ್ತದೆ. ಮನೆಯಲ್ಲಂತೂ ಡಿಕಾಕ್ಷನ್‌ಗೆ ಕಾಯಿಸಿದ ಹಾಲೇ ಲೇಸು.