ಭೌತವಿಜ್ಞಾನಿಗೂ ದೇವರು ಬೇಕೇ?

ಹೆಸರಾಂತ ವಿಜ್ಞಾನಿಗಳಲ್ಲೂ ಪರಮ ದೈವಭಕ್ತರಿದ್ದಾರೆ. ಸೂರಿ ಭಗವಂತಂ ಅಂಥವರು. ಸಿ.ವಿ. ರಾಮನ್ ಅವರೊಂದಿಗೆ ದುಡಿದ ಭೌತವಿಜ್ಞಾನಿ. 1957ರಿಂದ 1962ರವರೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರ ಭಕ್ತರೂ ಆಗಿದ್ದರು. ಬಾಬಾ ತೆಲುಗಿನಲ್ಲಿ ಪ್ರವಚನ ನೀಡಿದರೆ, ವೇದಿಕೆಯ ಮೇಲೆ ಅದನ್ನು ಇಂಗ್ಲಿಷಿಗೆ ತರುತ್ತಿದ್ದವರು ಇವರೇ.

ಅದೇ ಬೆಂಗಳೂರಿನಲ್ಲಿ ಇನ್ನೊಬ್ಬ ಭೌತವಿಜ್ಞಾನಿ, ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಬರಿಗೈಯಿಂದ ವಿಭೂತಿ ಸೃಷ್ಟಿಸುವರೆಂದು ಹೆಸರಾಗಿದ್ದ ಬಾಬಾ ಅವರಿಗೇ ಪತ್ರ ಬರೆದರು. ಉತ್ತರ ಬರಲಿಲ್ಲ.

ಓದಿದ್ದು ಒಂದೇ ಶಾಸ್ತ್ರ, ನಿಲುವು ಮಾತ್ರ ತದ್ವಿರುದ್ಧ. ನಂಬಿಕೆ ಸಾಮಾನ್ಯವಾಗಿ ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಮನೆಯ ದೇವರಕೋಣೆ, ಹಬ್ಬ, ಹಿರಿಯರ ಸಾವು, ಗುರುವಿನ ಸಾನ್ನಿಧ್ಯ, ಇವೆಲ್ಲ ಪದವಿಗಿಂತ ಮೊದಲೇ ಮನಸ್ಸಿನಲ್ಲಿ ಬೇರೂರಿರುತ್ತವೆ. ಜೊತೆಗೆ, ಪ್ರಕೃತಿಯ ನಿಯಮಗಳು ಇರುವುದಾದರೂ ಏಕೆ ಎಂಬ ಪ್ರಶ್ನೆಗೆ ಯಾವ ಉಪಕರಣದಿಂದಲೂ ಉತ್ತರ ಸಿಗುವುದಿಲ್ಲ. ಆ ಜಾಗದಲ್ಲಿ ಕೆಲವರು ದೇವರನ್ನು ಕಾಣುತ್ತಾರೆ.

ಇಂಥ ವಿಜ್ಞಾನಿಗಳು ಎಷ್ಟು ಮಂದಿ? ಅಮೆರಿಕದಲ್ಲಿ 1914ರ ಸಮೀಕ್ಷೆಯಲ್ಲಿ ಸುಮಾರು ಶೇ. 40ರಷ್ಟು ವಿಜ್ಞಾನಿಗಳು ಪ್ರಾರ್ಥನೆ ಕೇಳುವ ದೇವರನ್ನು ನಂಬಿದ್ದರು. 1996ರಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದರೆ 1998ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯರನ್ನು ಕೇಳಿದಾಗ ಹೌದೆಂದವರು ಶೇ. 7ರಷ್ಟು ಮಾತ್ರ.

ಆದರೆ ನರಸಿಂಹಯ್ಯನವರ ಸಮಿತಿಯ ತಕರಾರು ಇಂಥ ಪ್ರಾರ್ಥನೆಯ ಬಗ್ಗೆ ಆಗಿರಲಿಲ್ಲ, ಪವಾಡಗಳ ಬಗ್ಗೆ ಆಗಿತ್ತು. ಸೃಷ್ಟಿಗೆ ಕರ್ತೃವಿದ್ದಾನೆಂಬುದನ್ನು ಅಳೆಯಲಾಗದು. ಬರಿಗೈಯಿಂದ ವಿಭೂತಿ ಬಂತು ಎಂಬುದನ್ನು ಖಂಡಿತ ಪರೀಕ್ಷಿಸಬಹುದು, ಪರೀಕ್ಷಿಸಲೇಬೇಕು. ಅವರ ಸಮಿತಿ ಕೇಳಿದ್ದು ಇಷ್ಟನ್ನೇ.