ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ

ಹುಣಸೂರಿನಲ್ಲಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಹೊಗೆಸೊಪ್ಪಿನ ಹರಾಜಿನ ಕಾಲಕ್ಕೆ ಬೆಳೆಗಾರರ ಅರ್ಜಿಗಳು. ವರ್ಷವಿಡೀ ಹಾಲಿನ ಡೇರಿಯ ನಡಾವಳಿ, ಕ್ರಯಪತ್ರದ ಕರಡು, ಲಗ್ನಪತ್ರಿಕೆ. ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯವರೂ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. "ಅಕ್ಕಾ, ಫೈಲ್‌ಗೆ ವೈರಸ್ ಬಂದದೆ, ಎಲ್ಲಾ ಹೊಸದಾಗಿ ಟೈಪ್ ಮಾಡ್ಕೊಡಿ" ಎನ್ನುತ್ತಾರೆ. ತೆರೆದು ನೋಡಿದರೆ ಹೆಚ್ಚಿನವು ಕೆಟ್ಟೇ ಇರುವುದಿಲ್ಲ. ಕೆಡದ ಕಡತಕ್ಕೆ ಪುಟಕ್ಕಿಷ್ಟು ಎಂದು ಟೈಪಿಂಗ್ ದುಡ್ಡು ತೆಗೆದುಕೊಳ್ಳುವುದು ಅನ್ಯಾಯ.

ತೆರೆಯ ಮೇಲೆ ಏನು ಕಾಣುತ್ತಿದೆ ಎಂಬುದನ್ನು ಮೊದಲು ನೋಡಬೇಕು. 'ಕನ್ನಡ' ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಬಿ ಹೋಲುವ ಜರ್ಮನ್ ಅಕ್ಷರ, ಚಿಕ್ಕ ಕ್ಯೂ, ಕಡೆಗೆ ಇನ್ನೊಂದು ಗೀಟಿನ ಎ ಇದ್ದರೆ ಅದು ಹಳೆಯ ನುಡಿ ಫಾಂಟಿನ ಕಡತ. ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ಫಾಂಟುಗಳ ಕಾಲದಲ್ಲಿ ಒಂದು ಫಾಂಟಿನೊಳಗೆ 256 ಮನೆಗಳಷ್ಟೇ. ಒಂದೊಂದು ಗುಣಿತಾಕ್ಷರಕ್ಕೂ ಒತ್ತಕ್ಷರಕ್ಕೂ ಬೇರೆ ಬೇರೆ ಮನೆ ಕೊಡಲು ಅದು ಸಾಲದು. ಹಾಗಾಗಿ ಅಕ್ಷರವನ್ನು ತುಣುಕು ಮಾಡಿ ಇಂಗ್ಲಿಷಿನ ಮನೆಗಳಲ್ಲೇ ಕೂರಿಸಿದರು. ಪಿ ಇದ್ದ ಜಾಗದಲ್ಲಿ 'ಕ'ದ ಮೈ, ಗೀಟಿನ ಎ ಇದ್ದಲ್ಲಿ ತಲೆಕಟ್ಟು. ಫಾಂಟ್ ಇಲ್ಲದ ಕಂಪ್ಯೂಟರ್ ಅದನ್ನು ಪಿ ಎಂದೇ ಓದುತ್ತದೆ.

ಇದಕ್ಕೆ ಮದ್ದು ಸುಲಭ. ಮೊದಲು ಕಡತದ ನಕಲು ಮಾಡಿಕೊಳ್ಳಿ, ಮೂಲವನ್ನು ಮುಟ್ಟಬೇಡಿ. ನುಡಿ ಇನ್‌ಸ್ಟಾಲ್ ಮಾಡಿ, ಕನ್ನಡ ಇರಬೇಕಾದ ಭಾಗವನ್ನು ಸೆಲೆಕ್ಟ್ ಮಾಡಿ, ಫಾಂಟಿನ ಪಟ್ಟಿಯಲ್ಲಿ 'ನುಡಿ 01 ಇ' ಆರಿಸಿ. ಅಕ್ಷರ ಸರಿಯಾಗಿ ಕೂತರೆ ಆಯಿತು. ಕೂರದಿದ್ದರೆ ಅದು ಶ್ರೀಲಿಪಿಯಂಥ ಬೇರೆ ತಂತ್ರಾಂಶದ್ದಿರಬಹುದು. ಅದರ ಮನೆಗಳ ಲೆಕ್ಕವೇ ಬೇರೆ. ಯಾವುದರಲ್ಲಿ ಟೈಪ್ ಆಯಿತೆಂದು ಮೂಲ ಟೈಪಿಸ್ಟನ್ನೇ ಕೇಳಬೇಕು.

ಅಲ್ಲಿಗೇ ನಿಲ್ಲಿಸಬೇಡಿ. ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ ಬದಲಿಸಿ ಇಟ್ಟುಕೊಳ್ಳಿ. 1991ರ ಮೊದಲ ಆವೃತ್ತಿಯಿಂದಲೂ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಸ್ಥಾನಗಳಿವೆ, ಯಾರ ಮನೆಯನ್ನೂ ಬಾಡಿಗೆಗೆ ಹಿಡಿಯಬೇಕಿಲ್ಲ. ಬದಲಿಸಿದ ಮೇಲೆ ಕೂತು ಓದಲೇಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ಮೊದಲು. ಕನ್ವರ್ಟರ್ ಇಲ್ಲಿ ಎಡವಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. ನಡುವೆ ಇಂಗ್ಲಿಷಿನಲ್ಲಿದ್ದ ಆರ್‌ಟಿಸಿ, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಜಮೀನಿನ ಕಾಗದದಲ್ಲಿ ಇಂಥದ್ದು ಉಳಿದರೆ ಮುಂದೆ ಎಷ್ಟು ಓಡಾಟವೆಂದು ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆ ಗೊತ್ತು.

ಇನ್ನೊಂದು ಬಗೆಯ ತೊಂದರೆ: ಗೀಟಿನ ಚಿಕ್ಕ ಎ, ಪಕ್ಕದಲ್ಲೇ ಮೇಲಕ್ಕೇರಿದ ಪುಟ್ಟ 2 ಅಥವಾ 3, ಸಾಲಿನುದ್ದಕ್ಕೂ ಇದೇ ಜೋಡಿ. ಇದು ಯೂನಿಕೋಡ್ ಕಡತವೇ. ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತ ಮೂರು ಬೈಟ್ ಹಿಡಿಯುತ್ತದೆ. ತಂತ್ರಾಂಶ ಆ ಮೂರನ್ನೂ ಬೇರೆ ಬೇರೆಯಾಗಿ ಓದಿದೆ. ಕಡತವನ್ನು ಮತ್ತೆ ತೆರೆಯುವಾಗ ಎನ್‌ಕೋಡಿಂಗ್ ಕೇಳಿದ ಕಡೆ ಯುಟಿಎಫ್-8 ಆರಿಸಿದರೆ ಸಾಕು. ಬರೀ ಚೌಕಗಳು ಕಂಡರೆ ಸಾಮಾನ್ಯವಾಗಿ ಕೊರತೆ ಇರುವುದು ಕನ್ನಡ ಫಾಂಟಿನದು. ತುಂಗಾ ಅಥವಾ ನೋಟೋ ಹಾಕಿಕೊಳ್ಳಿ.

ನನಗೆ ಭಯವಾಗುವುದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡಾಗ ಮಾತ್ರ. ಕನ್ನಡ ಹಿಡಿಯದ ಎನ್‌ಕೋಡಿಂಗ್‌ನಲ್ಲಿ ಯಾರೋ ಸೇವ್ ಒತ್ತಿರುತ್ತಾರೆ, ಅಕ್ಷರ ಅಳಿಸಿಹೋಗಿರುತ್ತದೆ. ಆಗ ಹಳೆಯ ಇಮೇಲ್, ಪೆನ್‌ಡ್ರೈವ್ ಹುಡುಕಿ ಮೂಲ ಪ್ರತಿ ತರಬೇಕು, ಇಲ್ಲವೇ ಮತ್ತೆ ಟೈಪ್ ಮಾಡಿಸಬೇಕು.

ವಾಟ್ಸಾಪಿನಲ್ಲಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ. ಫಾಂಟ್ ಅದರೊಳಗೇ ಸೇರಿರುವುದರಿಂದ ಫೋನಿನಲ್ಲೂ ಓದಬಹುದು. ಜೊತೆಗೆ ವರ್ಡ್ ಕಡತವನ್ನೂ ಜೋಪಾನ ಮಾಡಿ, ಯಾಕೆಂದರೆ ನುಡಿಯ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಮತ್ತೆ ಅದೇ ಪಿ, ಅದೇ ಗೀಟಿನ ಎ ಬರುತ್ತದೆ. ನಿಮ್ಮ ಸಂಘದ, ಶಾಲೆಯ, ಡೇರಿಯ ಹಳೆಯ ನುಡಿ ಕಡತಗಳಿದ್ದರೆ, ಅವನ್ನು ಟೈಪ್ ಮಾಡಿದವರು ಇನ್ನೂ ಊರಲ್ಲಿರುವಾಗಲೇ ಕೂರಿಸಿಕೊಂಡು ಯೂನಿಕೋಡ್‌ಗೆ ಬದಲಿಸಿಬಿಡಿ.