ಕೀಲಿಕೈ ಕೊಟ್ಟ ಕೈ

ಸಂಡೂರು ಬೆಟ್ಟಗಳ ನಡುವಿನ ಊರು. ಇಲ್ಲಿಂದ ಹೊಸಪೇಟೆಗೂ ತೋರಣಗಲ್ಲಿಗೂ ಹೋಗುವ ರಸ್ತೆಗಳಲ್ಲಿ ಅದಿರು ಹೊತ್ತ ಲಾರಿಗಳು, ಬಸ್ಸುಗಳು, ಕುಮಾರಸ್ವಾಮಿಯ ದರ್ಶನಕ್ಕೆ ಹೊರಟ ಯಾತ್ರಿಕರು, ಗಣಿಯ ಕೆಲಸಗಾರರು ಎಲ್ಲರೂ ಒಟ್ಟಿಗೆ ಸಾಗಬೇಕು. ಇಂತಹ ದಾರಿಯಲ್ಲಿ ಹದಿನೈದು ವರ್ಷದ ಬಾಲಕನೊಬ್ಬನು ತಂದೆಯ ಮೋಟಾರು ಸೈಕಲ್ಲನ್ನೇರಿ ಹೊರಟನೆಂದು ಭಾವಿಸೋಣ. ಪೇಟೆಯಿಂದ ಔಷಧ ತರಲೆಂದು ತಂದೆಯೇ ಕೀಲಿಕೈ ಕೊಟ್ಟಿದ್ದಾನೆ. ತಿರುವಿನಲ್ಲಿ ವಾಹನ ಹತೋಟಿ ತಪ್ಪಿ, ರಸ್ತೆಯ ಅಂಚಿನಲ್ಲಿ ನಡೆಯುತ್ತಿದ್ದ ಕೂಲಿಕಾರನೊಬ್ಬನು ಪ್ರಾಣ ಕಳೆದುಕೊಳ್ಳುತ್ತಾನೆ. ಈ ಸಾವಿಗೆ ಹೊಣೆ ಯಾರು?

1988ರ ಮೋಟಾರು ವಾಹನಗಳ ಕಾಯಿದೆಯ ಪ್ರಕಾರ, ಚಾಲನಾ ಪರವಾನಗಿಯಿಲ್ಲದೆ ಯಾರೂ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುವಂತಿಲ್ಲ. ಅದಕ್ಕೆ 18 ವರ್ಷ ತುಂಬಿರಬೇಕು, 50 ಸಿ.ಸಿ. ಮೀರದ ಎಂಜಿನಿನ ಮೋಟಾರು ಸೈಕಲ್ಲಿಗೆ ಮಾತ್ರ 16 ವರ್ಷ ಸಾಕು. ಈ ನಿಯಮವನ್ನು ಮುರಿದವನಿಗೆ, ಯಾರಿಗೂ ಪೆಟ್ಟಾಗದಿದ್ದರೂ, 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪರವಾನಗಿಯಿಲ್ಲದವನಿಗೆ ವಾಹನ ಕೊಟ್ಟ ಮಾಲೀಕನಿಗೂ ಇಷ್ಟೇ ಶಿಕ್ಷೆಯುಂಟು.

ಅಪಘಾತದಿಂದ ಉಂಟಾದ ಹಾನಿಯಾದರೋ ಬೇರೆಯೇ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಂತೆ, ನಿರ್ಲಕ್ಷ್ಯದಿಂದ ಮರಣವುಂಟುಮಾಡಿದವನಿಗೆ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ. ತೀವ್ರವಾದ ಗಾಯವುಂಟುಮಾಡಿದವನಿಗೆ 3 ವರ್ಷಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಪೂರ್ಣ ಪರವಾನಗಿ ಇರಲಿಲ್ಲವೆಂಬ ಮಾತ್ರಕ್ಕೆ ಚಾಲಕನು ನಿರ್ಲಕ್ಷ್ಯ ತೋರಿದನೆಂದು ತೀರ್ಮಾನಿಸಲಾಗದು. ಅವನ ಅಜಾಗರೂಕತೆಯೇ ಸಾವಿಗೆ ನೇರ ಕಾರಣವೆಂಬುದನ್ನು ರುಜುವಾತುಪಡಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿಯೇ, ಕಲಿಕಾ ಪರವಾನಗಿ ಮಾತ್ರ ಇದ್ದ ಚಾಲಕನೊಬ್ಬನ ಪ್ರಕರಣದಲ್ಲಿ, ಹೇಳಿತು. ತಪ್ಪು ಎಷ್ಟೋ ಶಿಕ್ಷೆಯೂ ಅಷ್ಟೇ ಎಂಬುದು ನ್ಯಾಯದ ಮರ್ಯಾದೆ.

ನಮ್ಮ ಬಾಲಕನನ್ನು ಬಾಲ ನ್ಯಾಯ ಮಂಡಳಿಯು ವಿಚಾರಣೆ ಮಾಡುತ್ತದೆ. ಆದರೆ ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. 2019ರ ತಿದ್ದುಪಡಿಯಂತೆ, ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವೆಸಗಿದರೆ ಅವನ ಪೋಷಕನನ್ನು ಅಥವಾ ವಾಹನದ ಮಾಲೀಕನನ್ನು ತಪ್ಪಿತಸ್ಥನೆಂದು ಪರಿಗಣಿಸಲಾಗುವುದು. ಅವನಿಗೆ 3 ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಬಾಲಕನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯದು. ತನಗೆ ತಿಳಿಯದೆ ನಡೆಯಿತೆಂದೋ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದೋ ರುಜುವಾತುಪಡಿಸಿದವನು ಮಾತ್ರ ಇದರಿಂದ ಪಾರಾಗಬಹುದು. ತಾನೇ ಕೀಲಿಕೈ ಕೊಟ್ಟ ತಂದೆಯು ಹಾಗೆಂದು ಹೇಳುವುದೆಂತು?

ವಿಮೆಯಿದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳುತ್ತಾರೆ. ಇಂತಹ ಪ್ರಕರಣಗಳಲ್ಲಿ ವಿಮಾ ಸಂಸ್ಥೆಯು ಮೃತನ ಕುಟುಂಬಕ್ಕೆ ಪರಿಹಾರ ಕೊಟ್ಟು, ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ನ್ಯಾಯಾಲಯಗಳು ಆದೇಶಿಸುವುದುಂಟು. ಆಗ ಹೊಲವನ್ನೋ ಮನೆಯನ್ನೋ ಮಾರಬೇಕಾದೀತು. ಇಷ್ಟಾದರೂ ಆ ಕೂಲಿಕಾರನು ಸಂಜೆ ತನ್ನ ಮನೆಗೆ ಮರಳಲಾರನು.

ಪರವಾನಗಿಯು ಬರಿಯ ಕಾಗದದ ಚೂರಲ್ಲ. ರಸ್ತೆಯ ನಿಯಮಗಳನ್ನು ಅರಿತಿದ್ದೇನೆ, ವಾಹನವನ್ನು ಹತೋಟಿಯಲ್ಲಿಡಬಲ್ಲೆ ಎಂಬುದನ್ನು ಪರೀಕ್ಷೆಯಲ್ಲಿ ತೋರಿಸಿಕೊಟ್ಟವನಿಗೆ ಸಮಾಜ ನೀಡುವ ಒಪ್ಪಿಗೆ ಅದು. ಆ ಒಪ್ಪಿಗೆ ದೊರೆಯುವವರೆಗೆ ಪೇಟೆಗೆ ನಡೆದೇ ಹೋಗುವುದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಮಗನು ಕೀಲಿಕೈ ಬೇಡಿದಾಗ "ಈಗ ಬೇಡ" ಎನ್ನುವ ತಂದೆಯು ಇಬ್ಬರನ್ನು ಕಾಪಾಡುತ್ತಾನೆ: ಒಬ್ಬನು ತನ್ನ ಮಗ, ಇನ್ನೊಬ್ಬನು ತಾನು ಎಂದೂ ಕಂಡಿರದ ದಾರಿಹೋಕ.